ಕೋಚ್ ಮೆಚ್ಚಿದ ಡೆಡ್‌ಲಿಫ್ಟ್

ಪವರ್‌ಲಿಫ್ಟಿಂಗ್‌ಗೆ ಹೊಸಬರು ಕೋಚ್ ಇಟ್ಟುಕೊಳ್ಳಬೇಕೇ ಎಂದು ನನ್ನನ್ನು ಕೇಳಿದ ಸ್ನೇಹಿತರೇ, ಇವತ್ತು ಬೆಳಿಗ್ಗೆ ನಡೆದದ್ದನ್ನು ಓದಿ ನೀವೇ ಹೇಳಿ.

ಮಣಿಪಾಲದ ನನ್ನ ಆನ್‌ಲೈನ್ ಕೋಚ್‌ಗೆ ಪ್ರತಿವಾರ ನಾನು ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್ ವಿಡಿಯೋ ಕಳಿಸಬೇಕು. ತಪ್ಪು ತಿದ್ದುವುದು ಅವರ ಕೆಲಸ. ಇವತ್ತು ಕೈತಪ್ಪಿ ಬೇರೆ ವಿಡಿಯೋ ಹೋಯಿತು. ಶಾರ್ಜಾದಲ್ಲಿರುವ ಅಕ್ಕನಿಗೆಂದು ತೆಗೆದದ್ದು. ಅದರಲ್ಲಿ ನೈಟಿ ತೊಟ್ಟು, ತಲೆಗೆ ಬೈರಾಸು ಸುತ್ತಿಕೊಂಡ ಅಮ್ಮ ಮಟ್ಟುಗುಳ್ಳ ಬದನೆಯ ಗೋಣಿ ಎತ್ತುತ್ತಿದ್ದಾರೆ.

ಎರಡೇ ನಿಮಿಷದಲ್ಲಿ ಉತ್ತರ ಬಂತು: "ಸೂಪರ್ ಬ್ರೋ! ಫಾರ್ಮ್ ತುಂಬಾ ಸುಧಾರಿಸಿದೆ. ಮುಂದಿನ ವಾರ ಐದು ಕೆಜಿ ಜಾಸ್ತಿ ಹಾಕಿ."

ನಾಲ್ಕು ತಿಂಗಳಿಂದ ನನಗೆ ಬರುತ್ತಿದ್ದುದೂ ಇದೇ ಉತ್ತರ. ನನ್ನ ಸೊಂಟ ನಂಬಿದ್ದೂ ಇದನ್ನೇ!

ಫೋನ್ ಮಾಡಿದೆ. "ಸರ್, ಅದು ನಾನಲ್ಲ, ನನ್ನ ಅಮ್ಮ!"

ಸ್ವಲ್ಪವೂ ತಡವರಿಸದೆ ಹೇಳಿದರು: "ಹೌದಾ? ಅವರನ್ನೂ ಸೇರಿಸಿ ಮಾರಾಯ್ರೆ, ಫ್ಯಾಮಿಲಿ ಪ್ಯಾಕೇಜ್ ಉಂಟು."

ಸಿಟ್ಟಿನಲ್ಲಿ ನನ್ನ ನಿಜವಾದ ವಿಡಿಯೋವನ್ನು ಅಮ್ಮನಿಗೇ ತೋರಿಸಿದೆ. ಮೂರು ಸಲ ನೋಡಿ ಕೇಳಿದರು: "ಬೆನ್ನು ಎಂತಕ್ಕೆ ಮಗಾ ಹಾಗೆ ಬಗ್ಗಿಸಿದ್ದು? ಸೊಂಟ ಹಿಡಿಯುದಿಲ್ವಾ?"

ಮೂರು ಸಲ. ಕೋಚ್ ನೋಡಿದ್ದಕ್ಕಿಂತ ಪೂರ್ತಿ ಮೂರು ಸಲ ಹೆಚ್ಚು.