ಅರ್ತಿಂಗ್ ಬೋಲ್ಟು, ಚಿಕ್ಕಮ್ಮನ ಆರತಿ

ಆಯುಧಪೂಜೆಯ ಮರುದಿನ ಬೆಳಿಗ್ಗೆ ಕುರುಬರಹಳ್ಳಿಯ ನಮ್ಮ ಮನೆ ಮುಂದೆ ದೊಡ್ಡಪ್ಪನ ಹಳೇ ಲಾರಿ ಸತ್ತಂತೆ ನಿಂತಿತ್ತು. ಕೀ ತಿರುಗಿಸಿದರೆ ಸೆಲ್ಫ್ ಇಲ್ಲ, ಹಾರ್ನ್ ಇಲ್ಲ, ಒಂದು ಲೈಟೂ ಇಲ್ಲ. ಹಿಂದಿನ ದಿನ ನಿಂಬೆಹಣ್ಣಿನ ಮೇಲೆ ಹತ್ತಿ ಇಳಿದ ಗಾಡಿ!

"ನಿನ್ನೆ ಆರತಿ ಎತ್ತಿದ್ದು ಯಾರು ಹೇಳು," ಎಂದರು ದೊಡ್ಡಪ್ಪ.

ಎತ್ತಿದ್ದು ಚಿಕ್ಕಮ್ಮ. ಚಿಕ್ಕಪ್ಪ ತೀರಿಕೊಂಡ ಮೇಲೆ ಅದೇ ಮೊದಲು, ಅದೂ ನಾನು ಹಟ ಹಿಡಿದು ತಟ್ಟೆ ಕೈಗಿಟ್ಟಿದ್ದಕ್ಕೆ. ಈಗ ಅವರು ಬಾಗಿಲ ಮರೆಯಲ್ಲಿ ನಿಂತು, "ನಂಗ್ಯಾಕೆ ಬೇಕಿತ್ತು? ಇನ್ಮೇಲೆ ಪೂಜೆಗೆ ನನ್ನ ಕರೀಬೇಡ ಕಣೇ," ಎನ್ನುತ್ತಿದ್ದರು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ ನನ್ನದು. "ಆರತಿ ಆದ್ಮೇಲೆ ನಿಂತ್ರೆ ಆರತಿಯಿಂದಾನೇ ನಿಂತಿದ್ದಾ? ಆಮೇಲೆ ನೀವು ನಾಲ್ಕು ಒಬ್ಬಟ್ಟು ತಿಂದ್ರಿ. ಅದನ್ನೂ ಸೇರಿಸ್ಕೊಳ್ಳಿ."

"ಬಾಯಿ ನೋಡು ಇವಳ್ದು! ಮಾತಲ್ಲೇ ಸ್ಟಾರ್ಟ್ ಮಾಡ್ತೀಯೇನೇ?"

"ಮಾಡ್ತೀನಿ. ಬಲ್ಬು, ವೈರು ಕೊಡಿ."

ಹೈಸ್ಕೂಲಿನ ವಿಜ್ಞಾನವೇ ಸಾಕಾಯಿತು. ಬಲ್ಬಿನ ಎರಡು ವೈರುಗಳನ್ನು ಬ್ಯಾಟರಿಯ ಪ್ಲಸ್ಸು, ಮೈನಸ್ಸಿಗೆ ಮುಟ್ಟಿಸಿದೆ, ಝಗ್ಗೆಂದು ಉರಿಯಿತು. ಬ್ಯಾಟರಿಯದು ತಪ್ಪಿಲ್ಲ. ಮೈನಸ್ಸಿನಿಂದ ತೆಗೆದ ವೈರನ್ನು ಎಂಜಿನ್ನಿನ ಬರೀ ಕಬ್ಬಿಣಕ್ಕೆ ಒತ್ತಿದೆ, ಉರಿಯಲಿಲ್ಲ. ಅಂದರೆ ಬ್ಯಾಟರಿಯಿಂದ ಲಾರಿಯ ಮೈಗೆ ಹೋಗುವ ಅರ್ತಿಂಗ್ ವೈರಿನಲ್ಲೇ ತಡೆ. ಅದರ ಜಾಡು ಹಿಡಿದು ಚಾಸಿಯ ಬೋಲ್ಟ್ ಬಿಚ್ಚಿದರೆ, ವೈರಿಗೂ ಕಬ್ಬಿಣಕ್ಕೂ ನಡುವೆ ಕರೆಂಟ್ ಹಾಯಲು ಬಿಡದ ಫಳಫಳ ಹಸಿರು ಪೇಂಟು!

ಹಬ್ಬಕ್ಕೆಂದು ವಾರದ ಹಿಂದೆ ಬಣ್ಣ ಬಳಿದವರು ಸಾಕ್ಷಾತ್ ದೊಡ್ಡಪ್ಪ. ಆ ಬೋಲ್ಟನ್ನೂ ಬಿಚ್ಚಿ, ಅಡಿಯಲ್ಲೂ ಭಕ್ತಿಯಿಂದ ಬಳಿದು, ಮತ್ತೆ ಬಿಗಿದಿದ್ದರು. ಬೋಲ್ಟಿನ ತಿರುಪಿನಲ್ಲಿ ಎಲ್ಲೋ ಚೂರು ಕಬ್ಬಿಣ ತಾಗಿಕೊಂಡು ಇಷ್ಟು ದಿನ ಓಡಿತ್ತು, ಈಗ ಅದೂ ಬಿಟ್ಟಿತ್ತು, ಅಷ್ಟೆ.

ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಬಿಗಿದೆ. ದೊಡ್ಡಪ್ಪ ಹತ್ತಿ ಕೂತು ಕೀ ತಿರುಗಿಸಿದರು. ಗಾಡಿ ಗುಡುಗಿತು.

"ಸರಿ ಬಿಡಮ್ಮಾ, ಅವಳ ತಪ್ಪಲ್ಲ ಅಂತ ಗೊತ್ತಾಯ್ತಲ್ಲ," ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಗೆದ್ದ ವಾದದಲ್ಲೇ ನನ್ನ ಎಡವಟ್ಟು ಕಂಡಿತ್ತು. ಆರೋಪ ಹೊರಿಸಿದವರು ಅವರು. ಅದು ಸುಳ್ಳೆಂದು ಸಾಬೀತು ಮಾಡಲು ಕೈಯೆಲ್ಲ ಎಣ್ಣೆ ಮಸಿ ಮಾಡಿಕೊಂಡವಳು ನಾನು.

"ಪೇಂಟ್ ಸಿಗ್ದೇ ಇದ್ದಿದ್ರೆ ಚಿಕ್ಕಮ್ಮನ ತಪ್ಪೇ ಆಗ್ತಿತ್ತಾ, ದೊಡ್ಡಪ್ಪಾ?"

ಸದ್ದಿನಲ್ಲಿ ಕೇಳಿಸದವರಂತೆ ಅವರು ಕನ್ನಡಿ ಸರಿಮಾಡಿಕೊಂಡರು. ನಾನು ಕ್ಯಾಬಿನ್ ಹತ್ತಿ, ಎಂಜಿನ್ ಆಫ್ ಮಾಡಿ, ಬಾಗಿಲ ಹಿಂದಿದ್ದ ಚಿಕ್ಕಮ್ಮನಿಗೂ ಕೇಳುವಷ್ಟು ಗಟ್ಟಿಯಾಗಿ ಮತ್ತೆ ಕೇಳಿದೆ.