ಎದ್ದವರನ್ನು ಮಲಗಿಸದ ಯಜಮಾನಿ

ಆ ಓಣಿಯವರ ಬಾಯಲ್ಲಿ ಅವಳಿಗೆ ಎರಡು ಸಂಸಾರ. "ಒಂದು ಮನೇಲಿ, ಇನ್ನೊಂದು ಆಸ್ಪತ್ರೇಲಿ. ಮನೆ ಸಂಸಾರ ಪಾಪ ಕಾಯುತ್ತೆ, ಆಸ್ಪತ್ರೇದು ಕಾಯಲ್ಲ" ಎಂದು ಮಹಡಿ ಮನೆಯ ಅಜ್ಜಿ ಬಟ್ಟೆ ಹಿಂಡುತ್ತಾ ಹೇಳಿದರೆ, ಕೆಳಗಿನ ಮನೆಯಾಕೆ ಹೌದೆಂದು ತಲೆಯಾಡಿಸುವಳು. ಅವಳು ಡಾಕ್ಟರೂ ಅಲ್ಲ, ನರ್ಸೂ ಅಲ್ಲ ಎಂಬುದು ಓಣಿಯವರ ತಲೆಗೆ ಕೊನೆಗೂ ಹೋಗಲಿಲ್ಲ. ದಿನಾ ಆಸ್ಪತ್ರೆಗೆ ಹೋಗಿಬರುವವಳು ಮತ್ತಿನ್ನೇನು? ಯಾರ ಮನೆಯ ಮಗುವಿಗೆ ಮೈ ಬಿಸಿಯಾದರೂ ಇವಳ ಬಾಗಿಲು ತಟ್ಟುವರು.

"ಆಸ್ಪತ್ರೆ ಅಕ್ಕಾ, ಮಗೂಗೆ ಜ್ವರ. ಏನು ಕೊಡ್ಲಿ?"

"ನಂಗೆ ಗೊತ್ತಿರೋದು ಕಂಪ್ಯೂಟರ್ ಜ್ವರ ಅಷ್ಟೇ ಕಣಮ್ಮಾ. ಅದಕ್ಕೆ ಒಂದೇ ಮದ್ದು, ಆರಿಸಿ ಹಾಕೋದು. ನಿನ್ನ ಮಗೂಗೆ ಹಂಗೆ ಮಾಡೋಕಾಗುತ್ತಾ? ಡಾಕ್ಟರ ಹತ್ರ ಕರ್ಕೊಂಡು ಹೋಗು."

ಊರಿಗೆಲ್ಲ ಆರಿಸಿ ಹಾಕುವ ಮದ್ದು ಹೇಳುತ್ತಿದ್ದವಳು, ತಾನು ನೋಡಿಕೊಳ್ಳುವ ಯಂತ್ರಗಳನ್ನು ಮಾತ್ರ ಜಪ್ಪಯ್ಯ ಅಂದರೂ ಆರಿಸುತ್ತಿರಲಿಲ್ಲ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಔಷಧಿ ಉಗ್ರಾಣದ ಪಕ್ಕ, ಅವಳ ಕೋಣೆ. ಹೊರಗೆ ಎಂಥ ಸೆಕೆಯಿದ್ದರೂ ಒಳಗೆ ಚಳಿ. ಕುರ್ಚಿಯ ಬೆನ್ನಿಗೆ ಬೂದು ಬಣ್ಣದ ಸ್ವೆಟರ್ ಸದಾ ನೇತಾಡುತ್ತಿತ್ತು. ಗೋಡೆಯ ಪಕ್ಕದ ಕಬ್ಬಿಣದ ಕಪಾಟಿನಲ್ಲಿ ಒಂದು ದೊಡ್ಡ ಸರ್ವರ್ ಗುಂಯ್ ಎನ್ನುತ್ತಾ ಕೂತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವಳು ಅದನ್ನು ಹೀಗೆ ಪರಿಚಯಿಸುವಳು: "ಇದು ವಠಾರ. ಗೋಡೆ, ಸೂರು, ನೀರು, ಕರೆಂಟು ಎಲ್ಲಾ ಇದರದ್ದು. ಒಳಗೆ ಬಾಡಿಗೆಗೆ ಇರೋರು ಬೇರೆ. ಲ್ಯಾಬಿನವನು ಒಬ್ಬ, ಔಷಧಿ ಅಂಗಡಿಯವನು ಒಬ್ಬ, ಎಕ್ಸ್‌ರೇ ಚಿತ್ರ ಇಟ್ಕೊಳ್ಳೋನು ಒಬ್ಬ, ಚೀಟಿ ಕೌಂಟರಿನವನು ಒಬ್ಬ. ಒಬ್ಬರಿಗೂ ಸ್ವಂತ ಮೈ ಇಲ್ಲ. ಆದ್ರೂ ಪ್ರತಿಯೊಬ್ಬನೂ ತಾನೇ ಒಂದು ಕಂಪ್ಯೂಟರ್ ಅಂದ್ಕೊಂಡಿದಾನೆ." ಇವರನ್ನು ವರ್ಚುವಲ್ ಮಷೀನ್ ಅನ್ನುತ್ತಾರೆ ಎಂಬುದನ್ನು ಕೊನೆಗೆ ಸೇರಿಸುವಳು. ಅಲ್ಲಿಂದಲೇ ಅವಳಿಗೆ ಆಸ್ಪತ್ರೆಯಲ್ಲಿ 'ಯಜಮಾನಿ' ಎಂಬ ಹೆಸರು ಬಿತ್ತು.

ಯಜಮಾನಿಗೆ ಒಂದು ಹೆಮ್ಮೆಯಿತ್ತು. ಅವಳ ಬಾಡಿಗೆದಾರರು ವರ್ಷಗಟ್ಟಲೆ ಕಣ್ಣು ಮುಚ್ಚಿರಲಿಲ್ಲ. ಬೇರೆ ಕಡೆ ಇದೇ ಕೆಲಸ ಮಾಡುವವರು ಸಿಕ್ಕಾಗ, "ನಮ್ಮ ಲ್ಯಾಬ್ ಮಷೀನ್ ಹಾಕಿದ ಮೇಲೆ ಆರಿಸಿಯೇ ಇಲ್ಲ" ಅನ್ನುವಳು, ಮಗ ಒಮ್ಮೆಯೂ ಫೇಲಾಗಿಲ್ಲ ಎಂದು ಹೇಳುವ ತಾಯಿಯ ಹಾಗೆ. ಈ ಕಸುಬಿನವರಿಗೆ ಇದೊಂದು ಹುಚ್ಚು. ಎಷ್ಟು ದಿನ ಆರಿಸದೆ ಓಡಿಸಿದೆ ಎಂಬುದರ ಮೇಲೆ ಅವರ ಮೀಸೆ ಏರುವುದು, ಇಳಿಯುವುದು. ಇವಳಿಗೆ ಮೀಸೆ ಇಲ್ಲದಿದ್ದರೂ ಏರುವುದು ಏರುತ್ತಿತ್ತು.

ಆ ಹೆಮ್ಮೆಯ ಬಿಸಿ ತಟ್ಟಿದ್ದು ಮನೆಗೆ. ಗಂಡನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿ, ಮಗಳನ್ನೂ ಅಲ್ಲಿಯ ಶಾಲೆಗೆ ಸೇರಿಸಿ ವರ್ಷವಾಗಿತ್ತು. "ಇದೊಂದು ಕೆಲಸ ಮುಗಿಸಿ ಬರ್ತೀನಿ" ಎಂದು ಅವಳು ಹಿಂದೆ ಉಳಿದಳು. ಆ ಒಂದು ಕೆಲಸ ಮುಗಿದರೆ ಇನ್ನೊಂದು. ಊರಿಗೆ ಹೊರಡುವ ದಿನ ಗೊತ್ತು ಮಾಡುವುದು, ಮುಂದೂಡುವುದು. ಕಳೆದ ಸಲ ಮುಂದೂಡಿದಾಗ ಗಂಡ ರೇಗಲಿಲ್ಲ. "ಸರಿ, ಬಿಡು" ಎಂದು ಫೋನ್ ಇಟ್ಟ. ಹದಿನೈದು ವರ್ಷ ಅವನ ಜೊತೆ ಬಾಳಿದವಳಿಗೆ, ಆ 'ಬಿಡು' ಕೇಳಿ ಹೆದರಿಕೆಯಾಯಿತು. ಅವನು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಈ ಸಲ ಹೋಗದಿದ್ದರೆ ಅವರು ಕರೆಯುವುದನ್ನೇ ನಿಲ್ಲಿಸುತ್ತಾರೆ ಎಂದು ಅವಳಿಗೆ ಖಾತ್ರಿಯಾಯಿತು. ಮಾರನೆಯ ದಿನವೇ ಕೆಲಸ ಬಿಡುವ ಅರ್ಜಿ ಕೊಟ್ಟಳು, ಮನೆ ಖಾಲಿ ಮಾಡುವುದಾಗಿ ಮಾಲೀಕರಿಗೆ ಹೇಳಿದಳು.

ಅವಳ ಜಾಗಕ್ಕೆ ಬರುವವಳು ಹೊರಗಿನವಳಲ್ಲ. ಮೊದಲು ಚೀಟಿ ಕೌಂಟರಿನಲ್ಲಿದ್ದು, ಆಮೇಲೆ ಓದಿಕೊಂಡು ನೆಲಮಾಳಿಗೆಗೆ ಇಳಿದವಳು. ಮಾತು, ನಡಿಗೆ ಎರಡರಲ್ಲೂ ಅವಸರ, ಹಾಗಾಗಿ ಗಡಿಬಿಡಿ ಎಂದೇ ಎಲ್ಲರೂ ಕರೆಯುವುದು. ಕೆಲಸ ಬರುತ್ತಿತ್ತು. ಆದರೆ ಯಜಮಾನಿ ಅವಳಿಗೆ ಕೀಲಿಮಣೆ ಬಿಟ್ಟುಕೊಟ್ಟದ್ದೇ ಇಲ್ಲ. "ನೋಡ್ತಾ ಇರು, ಗೊತ್ತಾಗುತ್ತೆ" ಅನ್ನುವಳು. ಎರಡು ವರ್ಷ ಗಡಿಬಿಡಿ ನೋಡಿದ್ದೇ ನೋಡಿದ್ದು.

"ಅಕ್ಕಾ, ಈಜೋದನ್ನ ದಡದಲ್ಲಿ ಕೂತು ಎಷ್ಟು ದಿನ ನೋಡ್ಲಿ?"

"ಮುಳುಗಿದ್ರೆ ಎಳೆಯೋಳು ನಾನು ತಾನೇ, ಸುಮ್ನಿರೇ."

ಮಂಗಳವಾರ ಹೊರಡುವ ಮೊದಲು ಮಾಡಲೇಬೇಕಾದ ಒಂದು ಕೆಲಸ ಉಳಿದಿತ್ತು. ಸರ್ವರಿಗೆ ಹೊಸ ಅಪ್‌ಡೇಟ್ ಹಾಕಬೇಕು, ಹಾಕದಿದ್ದರೆ ಕಳ್ಳರಿಗೆ ಬಾಗಿಲು ತೆರೆದಿಟ್ಟ ಹಾಗೆ ಎಂದು ಮೇಲಿನವರು ಪಟ್ಟು ಹಿಡಿದಿದ್ದರು. ಅಪ್‌ಡೇಟ್ ಹಾಕಿದರೆ ಇಡೀ ವಠಾರವನ್ನು ಒಮ್ಮೆ ಮಲಗಿಸಿ ಎಬ್ಬಿಸಬೇಕು. ಭಾನುವಾರ ಬೆಳಿಗ್ಗೆ, ಹೊರರೋಗಿಗಳು ಬರದ ದಿನ ನೋಡಿ, ಯಜಮಾನಿ ಮನಸ್ಸು ಗಟ್ಟಿ ಮಾಡಿಕೊಂಡು ಎಲ್ಲರನ್ನೂ ಮಲಗಿಸಿದಳು. ಅಪ್‌ಡೇಟ್ ಸಲೀಸಾಗಿ ಕೂತಿತು. ಸರ್ವರ್ ಎದ್ದಿತು.

ಬಾಡಿಗೆದಾರರು ಏಳಲಿಲ್ಲ.

ಲ್ಯಾಬಿನವನನ್ನು ಎಬ್ಬಿಸಿದಳು, ಪರದೆಯ ಮೇಲೆ ಕೆಂಪು ಸಾಲು ಬಂತು. ಔಷಧಿ ಅಂಗಡಿಯವನೂ ಹಾಗೆಯೇ, ಎಕ್ಸ್‌ರೇಯವನೂ ಹಾಗೆಯೇ. ಅಷ್ಟರಲ್ಲಿ ಮೇಲಿನಿಂದ ಫೋನಿನ ಮೇಲೆ ಫೋನು. ವಾರ್ಡುಗಳಿಗೆ ರಕ್ತಪರೀಕ್ಷೆಯ ಫಲಿತಾಂಶವನ್ನು ಕೈಯಲ್ಲಿ ಬರೆದು ಹೊತ್ತೊಯ್ಯುವಂತಾಯಿತು. ಲ್ಯಾಬಿನ ಮುಖ್ಯಸ್ಥ ಸ್ವತಃ ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತ.

"ಏನಮ್ಮಾ ಯಜಮಾನಿ, ವಠಾರಕ್ಕೆ ವಠಾರವೇ ಮುಷ್ಕರ ಹೂಡಿದೆಯಾ?"

"ಸ್ವಲ್ಪ ಹೊತ್ತು ಸಾರ್."

"ಸ್ವಲ್ಪ ಅಂದ್ರೆ ಎಷ್ಟು? ನನ್ನ ಹುಡುಗರ ಕೈಬರಹ ನನಗೇ ಓದೋಕಾಗ್ತಿಲ್ಲ. ವಾರ್ಡಿನವರು ಏನು ಓದ್ತಾರೋ, ಏನು ಮದ್ದು ಕೊಡ್ತಾರೋ!"

ಯಜಮಾನಿಗೆ ಅಪ್‌ಡೇಟಿನ ಮೇಲೇ ಸಿಟ್ಟು. ನಾನು ಬೇಡ ಅಂದಿದ್ದೆ, ಕೇಳಿದರೇ? ಹಾಕಿದ್ದನ್ನೆಲ್ಲ ಕಿತ್ತು ಹಳೆಯ ಸ್ಥಿತಿಗೆ ತರಲು ಕೂತಳು. ಅದೂ ಆಯಿತು, ಆದರೂ ಒಬ್ಬನೂ ಏಳಲಿಲ್ಲ. ಮತ್ತೆ ಅಪ್‌ಡೇಟ್ ಹಾಕಿದಳು. ಮಧ್ಯಾಹ್ನ ದಾಟಿತು. ಗಂಡನ ಫೋನ್ ಬಂತು, ಮಾತಾಡಿದ್ದು ಮಗಳು.

"ಅಮ್ಮಾ, ಮಂಗಳವಾರ ಬರ್ತೀಯಾ ಇಲ್ವಾ? ಅಪ್ಪ ಕೇಳಲ್ವಂತೆ, ನೀನೇ ಕೇಳು ಅಂದ್ರು."

"ಬರ್ತೀನಿ ಕಂದಾ. ಇವರು ಎದ್ದುಬಿಟ್ರೆ ಬಂದ್ಬಿಡ್ತೀನಿ."

"ಏಳದಿದ್ರೆ?"

ಯಜಮಾನಿ ಫೋನ್ ಇಟ್ಟು ಮುಖ ಒರೆಸಿಕೊಂಡಳು. ಅವಳ ಭುಜದ ಮೇಲಿಂದ ಬಗ್ಗಿದ್ದ ಗಡಿಬಿಡಿ ಪರದೆಯ ಕೆಂಪು ಸಾಲನ್ನು ಶಾಲೆಯ ಪಾಠ ಓದುವಂತೆ ಗಟ್ಟಿಯಾಗಿ ಓದತೊಡಗಿದಳು.

"ಅಕ್ಕಾ, ಇದು ಅಪ್‌ಡೇಟ್ ಸುದ್ದಿ ಹೇಳ್ತಾನೇ ಇಲ್ಲ. ಯಾವುದೋ ಡಿಸ್ಕ್ ಸಿಗ್ತಿಲ್ಲ ಅಂತಿದೆ. ಸಿಡಿ ಡ್ರೈವಿನಲ್ಲಿರೋ ಡಿಸ್ಕಂತೆ. ಇವಕ್ಕೆ ಸಿಡಿ ಡ್ರೈವ್ ಎಲ್ಲಿಂದ ಬಂತು?"

ಯಜಮಾನಿಯ ಕೈ ಕೀಲಿಮಣೆಯ ಮೇಲೆ ಹಾಗೇ ನಿಂತಿತು. ಈ ಬಾಡಿಗೆದಾರರನ್ನು ಒಬ್ಬೊಬ್ಬರನ್ನಾಗಿ ಒಳಗೆ ತಂದವಳು ಅವಳೇ. ಮೈಯಿಲ್ಲದ ಕಂಪ್ಯೂಟರಿಗೆ ಸಿಡಿ ಡ್ರೈವೂ ಬರೀ ಲೆಕ್ಕಕ್ಕೆ, ಅದರೊಳಗೆ ಹಾಕುವ ಡಿಸ್ಕೂ ಒಂದು ಫೈಲ್ ಅಷ್ಟೇ. ಮೊದಲ ದಿನ ಪ್ರೋಗ್ರಾಮುಗಳನ್ನೆಲ್ಲ ತುಂಬಲು ಆ ಡಿಸ್ಕ್ ಹಾಕಿದ್ದಳು, ತೆಗೆದಿರಲಿಲ್ಲ. ಡಿಸ್ಕಿನ ಫೈಲುಗಳಿದ್ದ ಹಳೆಯ ಕಂಪ್ಯೂಟರ್ ಪೆಟ್ಟಿಗೆ ಕೆಟ್ಟಾಗ ಅದನ್ನು ಗುಜರಿಗೆ ಹಾಕಿಸಿದವಳೂ ಅವಳೇ. ಎಚ್ಚರವಾಗಿದ್ದಷ್ಟು ದಿನ ಯಾವನೂ ಡಿಸ್ಕ್ ಎಲ್ಲಿ ಎಂದು ಕೇಳಲಿಲ್ಲ. ಮಲಗಿ ಎದ್ದಾಗಲೇ ಮೈ ತಡವಿ ನೋಡಿಕೊಳ್ಳುವುದು. ಸಿಗಲಿಲ್ಲ, ಏಳುವುದಿಲ್ಲ ಎಂದು ಹಟ ಹಿಡಿದಿದ್ದರು. ವರ್ಷಕ್ಕೊಮ್ಮೆ ಮಲಗಿಸಿ ಎಬ್ಬಿಸಿದ್ದರೆ ಮೊದಲ ಸಲವೇ ಗೊತ್ತಾಗುತ್ತಿತ್ತು.

"ನಂದೇ ಕಣೇ ಇದು" ಎಂದಳು.

"ಯಾರದ್ದಾದ್ರೇನು, ತೆಗೀಬಹುದಾ?"

"ತೆಗೀಬಹುದು. ಡ್ರೈವ್ ಖಾಲಿ ಮಾಡಿದ್ರೆ ಸಾಕು."

ಲ್ಯಾಬಿನವನ ಡ್ರೈವ್ ಖಾಲಿ ಮಾಡಿ ಎಬ್ಬಿಸಿದಳು. ಎದ್ದ. ಎರಡನೆಯದಕ್ಕೆ ಕೈ ಹಾಕಹೊರಟವಳು ತಡೆದು, ಕುರ್ಚಿ ಹಿಂದಕ್ಕೆ ಸರಿಸಿದಳು. "ಉಳಿದಿದ್ದು ನೀನು ಮಾಡು."

ಗಡಿಬಿಡಿ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತಳು. ಅವಸರದವಳು ಅಂದು ಒಂದೊಂದು ಸಾಲನ್ನೂ ಎರಡೆರಡು ಸಲ ಓದಿ ಗುಂಡಿ ಒತ್ತಿದಳು. ಒಬ್ಬೊಬ್ಬನೇ ಎದ್ದ. ಲ್ಯಾಬಿನ ಮುಖ್ಯಸ್ಥ ಫೋನಿನಲ್ಲಿ "ಬದುಕಿದೆ ತಾಯೀ!" ಎಂದು ಕೂಗಿದ್ದು ಕೋಣೆಯೆಲ್ಲ ಕೇಳಿಸಿತು. ಯಜಮಾನಿ ಸ್ವೆಟರ್ ಬಿಚ್ಚಿ ಎದ್ದು ನಿಂತಾಗ ಗಡಿಬಿಡಿ ಕುರ್ಚಿ ಬಿಟ್ಟು ಏಳಲಿಲ್ಲ.

"ಅಕ್ಕಾ, ಈಗ ಎಲ್ಲರನ್ನೂ ಇನ್ನೊಂದು ಸಲ ಮಲಗಿಸ್ತೀನಿ."

"ಹುಚ್ಚು ಹಿಡಿದಿದೆಯೇನೇ? ಈಗಷ್ಟೇ ಎದ್ದಿದ್ದಾರೆ!"

"ನೀನು ಹೋದ ಮೇಲೆ ಮಲಗಿದ್ರೆ ಯಾರನ್ನ ಕರೀಲಿ? ನೀನಿದ್ದಾಗಲೇ ಮಲಗಲಿ. ಏಳದಿದ್ರೆ ಇಬ್ಬರೂ ಇದೀವಿ."

ಯಜಮಾನಿ ಬೇಡ ಎನ್ನಲು ಬಾಯಿ ತೆರೆದಳು. ಬೇಡ ಎಂದರೆ ತಾನು ಮಂಗಳವಾರ ಹೊರಡುವುದಿಲ್ಲ, ಮುಂದಿನ ವಾರವೂ ಹೊರಡುವುದಿಲ್ಲ ಎಂಬುದು ಅವಳಿಗೇ ಹೊಳೆಯಿತು. ಮೇಲಿನ ಲ್ಯಾಬಿಗೆ ತಾನೇ ಫೋನ್ ಮಾಡಿ, "ಇನ್ನೊಂದು ಸ್ವಲ್ಪ ಹೊತ್ತು, ಕೈಯಲ್ಲೇ ಬರ್ಕೊಳ್ಳಿ" ಎಂದು ಬೈಸಿಕೊಂಡಳು. ಆಮೇಲೆ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಗಡಿಬಿಡಿ ಮಲಗಿಸಿದಳು, ಎಬ್ಬಿಸಿದಳು. ಎಕ್ಸ್‌ರೇಯವನು ಕೊಂಚ ಸತಾಯಿಸಿದ, ಯಜಮಾನಿಯ ಕೈ ತೊಡೆಯಡಿ ಒದ್ದಾಡಿತು. ಅವನೂ ಎದ್ದ.

ಮಂಗಳವಾರ ಬೆಳಿಗ್ಗೆ ಸಾಮಾನಿನ ಲಾರಿ ಮುಂದೆ ಹೋಯಿತು. ಖಾಲಿ ಮನೆಯಲ್ಲಿ ಅವಳ ಚಪ್ಪಲಿಯ ಸದ್ದು ಗೋಡೆಗೆ ಬಡಿದು ವಾಪಸ್ಸು ಬರುತ್ತಿತ್ತು. ಅಡುಗೆಮನೆಯ ಕಿಟಕಿ ಮುಚ್ಚುತ್ತಿದ್ದಾಗ ಫೋನ್ ಬಂತು, ಗಡಿಬಿಡಿ.

"ಅಕ್ಕಾ, ಔಷಧಿ ಅಂಗಡಿಯವನು ಯಾಕೋ ನಿಧಾನ ಆಗಿದಾನೆ."

ಕಾರಣ ಏನಿರಬಹುದೆಂದು ಮೂರು ಊಹೆ ಅವಳ ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡಳು.

"ನೀನೇನು ನೋಡ್ದೆ?"

"ಇನ್ನೂ ನೋಡ್ತಾ ಇದೀನಿ."

"ನೋಡು ಹಾಗಾದ್ರೆ. ನನಗೆ ರೈಲಿಗೆ ಹೊತ್ತಾಯ್ತು."

ಫೋನನ್ನು ಚೀಲದ ತಳಕ್ಕೆ ತುರುಕಿದಳು. ಬಾಗಿಲಿಗೆ ಬೀಗ ಹಾಕಿ, ಸರಿಯಾಗಿ ಬಿದ್ದಿದೆಯೇ ಎಂದು ಎಳೆದು ನೋಡಿ, ಬೀಗದ ಕೈಯನ್ನು ಕೆಳಗಿನ ಮನೆಯಾಕೆಯ ಕೈಗಿತ್ತಳು. ಓಣಿಯ ಕೊನೆಗೆ ಬಂದಾಗ ಆಸ್ಪತ್ರೆಯ ಕಡೆಯ ಬಸ್ಸು ನಿಂತಿತ್ತು. ಅದನ್ನು ಹೋಗಲು ಬಿಟ್ಟು, ರಸ್ತೆ ದಾಟಿ, ರೈಲ್ವೆ ಸ್ಟೇಷನ್ನಿನ ಬಸ್ಸು ಬರುವ ಆಚೆ ಬದಿಯ ನಿಲ್ದಾಣದಲ್ಲಿ ಚೀಲ ಇಳಿಸಿ ನಿಂತಳು.