ಕೆರೆಯ ನಡುವೆ ಸುಜಾತಕ್ಕ

ಸುಜಾತಕ್ಕನನ್ನು ಏನಾದರೂ ಕೇಳಿದರೆ ಉತ್ತರ ಬರುವಷ್ಟರಲ್ಲಿ ಹರಿಗೋಲು ಒಂದು ಸುತ್ತು ತಿರುಗಿರುತ್ತಿತ್ತು. ಮೊದಲು ನೀರಿನ ಕಡೆ ನೋಡುವರು, ಆಮೇಲೆ ನಮ್ಮ ಕಡೆ, ಮತ್ತೆ ನೀರಿನ ಕಡೆ. "ಅಕ್ಕಾ, ಇವತ್ತು ಬುಧವಾರ ಅಲ್ಲೇನ್ರಿ?" ಎಂದರೂ ಅಷ್ಟೇ ಹೊತ್ತು. "ಹೌದು ಬೇ" ಎನ್ನುವಾಗ, ಬುಧವಾರವನ್ನು ಹೋಗಿ ಕಣ್ಣಾರೆ ನೋಡಿಕೊಂಡು ಬಂದವರಂತೆ ಅವರ ದನಿ ದೂರದಿಂದ ಕೇಳಿಸುತ್ತಿತ್ತು.

ಅವರು ನರ್ಸು, ನಾನು ಶಾಲೆಯ ಟೀಚರು. ಅವರು ಮಸ್ಕಿಯಿಂದ, ನಾನು ಸಿಂಧನೂರಿನಿಂದ ಬಸ್ಸಿನಲ್ಲಿ ಬಂದು ಕೆರೆಯ ದಂಡೆಯಲ್ಲಿ ಕೂಡುತ್ತಿದ್ದೆವು. ಇಬ್ಬರ ಕೆಲಸವೂ ಆಚೆ ದಂಡೆಯ ದೊಡ್ಡಿಯಲ್ಲಿ. ದೊಡ್ಡಿಯೆಂದರೆ ಗುಡ್ಡದ ಬುಡಕ್ಕೆ ಅಂಟಿಕೊಂಡ ನಾಲ್ಕಾರು ಓಣಿಗಳ ಸಣ್ಣ ಊರು. ರಸ್ತೆಯಲ್ಲಿ ಹೋದರೆ ಗುಡ್ಡವನ್ನೆಲ್ಲ ಸುತ್ತಬೇಕು. ನೀರಿನ ಮೇಲಾದರೆ ಹುಸೇನಪ್ಪನ ಹರಿಗೋಲಿನಲ್ಲಿ ಒಂದು ಸಣ್ಣ ನಿದ್ದೆಯಷ್ಟು ದಾರಿ.

ಲಸಿಕೆಯ ಡಬ್ಬಿಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು, ಒಂದು ಕೈಯನ್ನು ನೀರಿಗೆ ಬಿಟ್ಟು ಅವರು ಕೂರುತ್ತಿದ್ದರು. ಚಳಿಗಾಲದ ಬೆಳಗಿನಲ್ಲಿ ಕೆರೆಯ ಮೇಲೆ ಹಬೆಯಾಡುತ್ತಿತ್ತು. ಹುಸೇನಪ್ಪನ ಹುಟ್ಟು ನೀರಿಗಿಳಿಯುವ ಸದ್ದೊಂದು ಬಿಟ್ಟರೆ ಜಗತ್ತಿನಲ್ಲಿ ಏನೂ ಇಲ್ಲವೆನ್ನಿಸುತ್ತಿತ್ತು. ಬಿಟ್ಟುಬಂದ ದಂಡೆ ಮಸುಕಾಗಿ, ಹೋಗಬೇಕಾದ ದಂಡೆ ಇನ್ನೂ ಮೂಡದೆ, ನಾವು ಮೂವರು ಹಾಲಿನಂಥ ಬೆಳಕಿನಲ್ಲಿ ತಿರುಗುತ್ತಿದ್ದೆವು. ಬೆಳ್ಳಕ್ಕಿಯೊಂದು ತೀರ ಹತ್ತಿರ ಹಾರಿಹೋದರೆ ಸುಜಾತಕ್ಕ, "ಡ್ಯೂಟಿಗೆ ಹೊಂಟಾಳ ನೋಡು ಬೇ" ಎನ್ನುತ್ತಿದ್ದರು.

ಊಟವೂ ಅಷ್ಟೇ ನಿಧಾನ. ನಾನು ಗಬಗಬನೆ ರೊಟ್ಟಿ ಮುಗಿಸಿದರೆ ಬೈಯುವರು. "ಅವಸರದಾಗ ಉಂಡ್ರ ಹೊಟ್ಟಿಗೆ ಗೊತ್ತs ಆಗಂಗಿಲ್ಲ, ಉಂಡೀವಂತ."

ಆಮೇಲೆ ಮಲ್ಲು ಮೋಟಾರು ಬೋಟು ತಂದ. ದಂಡೆಯ ಮೇಲೆ ಕಿರಾಣಿ ಅಂಗಡಿಯಿದ್ದ ಮನೆತನದ ಹುಡುಗ, ಬಹಳ ಉಮೇದಿನವನು. ಭಾನುವಾರ ಪೇಟೆಯ ಜನರನ್ನು ಕೂರಿಸಿಕೊಂಡು ಕೆರೆ ಸುತ್ತಿಸುತ್ತಿದ್ದ, ಉಳಿದ ದಿನ ದೊಡ್ಡಿಯವರನ್ನು ದಾಟಿಸುತ್ತಿದ್ದ. ಜನರಿಗೆ ಅದು ಹಬ್ಬವೇ ಆಯಿತು. ಹಾಲು ಕೆಡದೆ ಪೇಟೆ ಸೇರತೊಡಗಿತು. ಆದರೆ ಬೋಟು ಹೋದ ಮೇಲೆ ಏಳುವ ಅಲೆ ಹರಿಗೋಲನ್ನು ತೊಟ್ಟಿಲಿನಂತೆ ತೂಗುತ್ತಿತ್ತು. ಒಂದು ಸಂಜೆ ಹತ್ತಿ ಬಿಡಿಸಿ ಬರುತ್ತಿದ್ದ ಹೆಂಗಸರ ಹರಿಗೋಲು ಆ ಅಲೆಗೆ ಮಗುಚಿತು. ದಂಡೆ ಹತ್ತಿರವಿದ್ದುದರಿಂದ ಎಲ್ಲರೂ ಬದುಕಿದರು. ನೀರು ಕುಡಿದ ಒಬ್ಬಾಕೆಯನ್ನು ಸುಜಾತಕ್ಕನೇ ಬೋರಲು ಮಲಗಿಸಿ ಉಪಚರಿಸಿದರು.

ಮರುದಿನದಿಂದ ಅವರು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟೇ ಬರತೊಡಗಿದರು. ಬಿಳಿ ಸೀರೆಯ ಮೇಲೆ ಆ ಜಾಕೆಟ್! ದಂಡೆ ಮುಟ್ಟಿದ ಮೇಲೂ ಬಿಚ್ಚುವುದು ನೆನಪಾಗದೆ ಅದರಲ್ಲಿಯೇ ದೊಡ್ಡಿಯೆಲ್ಲ ತಿರುಗಿ ಸೂಜಿ ಚುಚ್ಚುವರು. ಸೂಜಿಗೆ ಅಳುವ ಮಕ್ಕಳು ಅವರನ್ನು ನೋಡಿ ನಗುತ್ತಿದ್ದವು.

ಬೋಟಿನ ವೇಗಕ್ಕೊಂದು ಕಟ್ಟಳೆ ಬೇಕೆಂದು ದೊಡ್ಡಿಯ ಬೇವಿನ ಕಟ್ಟೆಯ ಮೇಲೆ ಸಭೆ ಸೇರಿತು. ಬೋಟೇ ಬೇಡವೆಂದರು ಕೆಲವರು. ಸುಜಾತಕ್ಕ ಎದ್ದು ನಿಂತು, ಎಂದಿನಂತೆ ತಡೆದು ಹೇಳಿದರು.

"ಬೋಟ್ ಬೇಕ್ರಿ. ಆದ್ರ ದಂಡಿ ಹತ್ರ, ಹರಿಗೋಲು ಕಂಡಲ್ಲಿ, ಎತ್ತು ನಡದಂಗ ನಡೀಲಿ. ಖಾಲಿ ನಡುಕೆರಿಯಾಗ ಬೇಕಾದಂಗ ಬಿಡ್ಲಿ."

"ಎತ್ತು ನಡದಂಗ ಹೋಗಾಕ ಮೋಟಾರ್ ಯಾಕ್ರಿ ಅಕ್ಕಾರ?" ಎಂದ ಮಲ್ಲು. ಎಲ್ಲರೂ ನಕ್ಕರು.

ನಗದೆ ಎದ್ದವಳು ದೊಡ್ಡಿಯ ಈರಮ್ಮ ಒಬ್ಬಳೇ. "ನನ್ನ ಹಿರಿಮಗಳು ಹೆರಿಗಿ ಬ್ಯಾನಿ ತಿಂದು ಈ ಕೆರಿ ನಡುವ ಸತ್ಲು. ಹರಿಗೋಲು ದಂಡಿ ಮುಟ್ಟಲಿಲ್ಲ. ನಾ ನಿಧಾನದಾಗ ಮಗಳನ್ನ ಕಳಕೊಂಡಾಕಿ. ನನಗ ಹೇಳಬ್ಯಾಡ್ರಿ ಎತ್ತಿನ ನಡಿಗಿ."

ಸುಜಾತಕ್ಕ ನೀರಿನ ಕಡೆ ನೋಡಿದರು. ಅಂದು ಉತ್ತರ ಬರಲೇ ಇಲ್ಲ. ಸಭೆ ಯಾವ ತೀರ್ಮಾನವೂ ಆಗದೆ ಮುರಿಯಿತು.

ಸುಗ್ಗಿಯ ಹೊತ್ತಿಗೆ ಈರಮ್ಮನ ಕಿರಿಮಗಳು ಗಂಗಮ್ಮನಿಗೆ ನೋವು ಕಾಣಿಸಿಕೊಂಡಿತು. ಕೂಸು ಅಡ್ಡ ತಿರುಗಿತ್ತು, ಲಿಂಗಸುಗೂರಿನ ಆಸ್ಪತ್ರೆಗೇ ಒಯ್ಯಬೇಕಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಅವಳನ್ನು ಮಲ್ಲುವಿನ ಬೋಟಿಗೆ ಹತ್ತಿಸಿದೆವು. ಗಂಗಮ್ಮನ ತಲೆ ನನ್ನ ತೊಡೆಯ ಮೇಲೆ, ಕಾಲ ಬಳಿ ಸುಜಾತಕ್ಕ, ಪಕ್ಕದಲ್ಲಿ ಈರಮ್ಮ.

"ಬಿಡು ಮಲ್ಲು, ಎಷ್ಟು ಜೋರ್ ಅಕ್ಕೈತಿ ಅಷ್ಟು ಬಿಡು" ಎಂದರು ಸುಜಾತಕ್ಕ. ಅವರ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಬೋಟು ಚಿಮ್ಮಿತು.

ಕೆರೆ ಅರ್ಧ ದಾಟಿದ್ದೆವು. ಎದುರಿಗೆ ಹುಸೇನಪ್ಪನ ಹರಿಗೋಲು ಬರುತ್ತಿತ್ತು, ಕೂಲಿಯ ಹೆಂಗಸರು ತುಂಬಿದ್ದರು. ಮಲ್ಲು ತಿರುಗಿ ಸುಜಾತಕ್ಕನ ಮುಖ ನೋಡಿದ.

"ನಿಧಾನ ಮಾಡಬ್ಯಾಡ! ನಿನ್ನ ಕಾಲಿಗೆ ಬೀಳ್ತೀನಿ!" ಎಂದು ಕೂಗಿದಳು ಈರಮ್ಮ.

ಈ ಸಲ ಸುಜಾತಕ್ಕ ನೀರಿನ ಕಡೆ ನೋಡಲಿಲ್ಲ. "ಸಬೂರ್ ಮಾಡು ಮಲ್ಲು. ಅವರು ದಾಟಿದ ಮ್ಯಾಲ ಜೋರ್ ಬಿಡು" ಎಂದರು, ಕೂಡಲೇ.

ಮೋಟಾರಿನ ಸದ್ದು ಇಳಿಯಿತು. ಎಂಥ ಮೌನ ಅದು! ನೀರು ಎಣ್ಣೆಯಂತೆ ನಿಂತಿತ್ತು. ಹರಿಗೋಲಿನ ಹೆಂಗಸರು ನಮ್ಮ ಬೋಟಿನೊಳಗೆ ನೋಡಿದರು, ತಿಳಿದುಕೊಂಡರು. ಅವರ ಮುಖಗಳು ಒಂದೊಂದಾಗಿ, ಕನಸಿನಲ್ಲಿ ಸಾಗುವಂತೆ, ನಮ್ಮ ಪಕ್ಕದಲ್ಲಿ ಸಾಗಿದವು. ಗಂಗಮ್ಮ ನನ್ನ ಮಣಿಕಟ್ಟನ್ನು ಹಿಂಡುತ್ತಿದ್ದಳು. ಈರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಹರಿಗೋಲು ಸಾಕಷ್ಟು ಹಿಂದೆ ಬಿದ್ದ ಮೇಲೆ ಮಲ್ಲು ಮತ್ತೆ ವೇಗ ಹೆಚ್ಚಿಸಿದ.

ದಂಡೆಯಲ್ಲಿ ಆಂಬುಲೆನ್ಸ್ ಕಾಯುತ್ತಿತ್ತು. ಸಂಜೆಯೊಳಗೆ ಆಪರೇಷನ್ ಆಗಿ ಹೆಣ್ಣು ಕೂಸು ಹುಟ್ಟಿತು. ತಾಯಿ, ಮಗು ಇಬ್ಬರೂ ಉಳಿದರು.

ಆಸ್ಪತ್ರೆಯ ಹೊರಗೆ ಚಹಾ ಕುಡಿಯುವಾಗ ಸುಜಾತಕ್ಕ ಲೋಟ ಕೆಳಗಿಟ್ಟರು. "ಉಳಿತಾಳಂತ ನನಗೇನ್ ಗೊತ್ತಿತ್ತು ಬೇ?" ಎಂದರು. "ಹೋಗಿದ್ರ ಈರಮ್ಮಗ ಏನ್ ಮಾರಿ ತೋರಿಸ್ತಿದ್ದೆ?"

ಎತ್ತಿನ ನಡಿಗೆಯ ಕಟ್ಟಳೆ ಅದಾದ ಮೇಲೆ ತಾನಾಗಿ ಜಾರಿಗೆ ಬಂತು. ಯಾರ ಠರಾವೂ ಬೇಕಾಗಲಿಲ್ಲ. ಮಲ್ಲು ಪೇಟೆಯ ಜನರಿಗೂ ಜಾಕೆಟ್ ಹಾಕಿಸಿಯೇ ಬೋಟು ಬಿಡತೊಡಗಿದ. ಈರಮ್ಮ ಮಾತ್ರ ಬಹಳ ದಿನ ಸುಜಾತಕ್ಕನನ್ನು ಮಾತಾಡಿಸಲಿಲ್ಲ. ಕೊನೆಗೊಂದು ದಿನ ಮೊಮ್ಮಗಳನ್ನು ತಂದು ಅವರ ತೊಡೆಯ ಮೇಲೆ ಹಾಕಿ, "ಮರ್ತೀನಿ ಅನ್ನಂಗಿಲ್ಲ. ಆದ್ರ ಈಕಿಗೆ ಸೂಜಿ ನೀನs ಹಾಕ್ಬೇಕು" ಎಂದಳು. ಸುಜಾತಕ್ಕ ಸೂಜಿ ಹಾಕಿದರು. ಇಬ್ಬರೂ ಅಳುವ ಕೂಸನ್ನು ಸಂತೈಸುತ್ತ ಬಹಳ ಹೊತ್ತು ಕೂತಿದ್ದರು.

ನಿವೃತ್ತಿಯಾದ ಮೇಲೆ ಅವರು ಸಿಂಧನೂರಿಗೆ ತಂಗಿಯ ಮನೆಗೆ ಬಂದರು. ಕಾಲುವೆಗೆ ನೀರು ಬಿಟ್ಟ ಹೊಸದರಲ್ಲಿ ಒಂದು ಸಂಜೆ ಅವರನ್ನು ನೋಡಲು ಹೋದೆ. ತೆಳ್ಳಗಾಗಿದ್ದರು. ಇಬ್ಬರೂ ಕಾಲುವೆಯ ಏರಿಯ ಮೇಲೆ ಕೂತೆವು. ಭತ್ತದ ಗದ್ದೆಗಳ ಮೇಲೆ ಕತ್ತಲು ಮೆಲ್ಲಗೆ ಇಳಿಯುತ್ತಿತ್ತು.

"ಮೊನ್ನಿ ಕನಸು ಬಿದ್ದಿತ್ತು ಬೇ" ಎಂದರು. "ನಾವು ಹರಿಗೋಲದಾಗ ಹೊಂಟೀವಿ. ಎಷ್ಟು ಹೋದ್ರೂ ದಂಡಿ ಬರವಲ್ದು."

"ಹೆದರಿಕಿ ಆತೇನ್ರಿ ಅಕ್ಕಾ?"

ಅವರು ಹರಿಯುವ ನೀರನ್ನು ನೋಡಿದರು, ನನ್ನನ್ನು ನೋಡಿದರು. ನಾನು ಕಾದೆ.

"ಇಲ್ಲ. ದಂಡಿ ಯಾಕ ಬರಬೇಕು ಅನಿಸ್ತು."

ಮುಂದಿನ ಸಲ ಹೋದಾಗ ಅವರ ತಂಗಿ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡು, "ಅಕ್ಕ ತೀರಿಕೊಂಡ್ಲು" ಎಂದರು. ಒಳಗೆ ಕೂತು ಇಬ್ಬರೂ ರೊಟ್ಟಿ ತಿಂದೆವು. ಹೊರಗೆ ಬಂದ ಮೇಲೆ ನನಗೆ ತಿಳಿಯಿತು, ಆ ಒಂದು ರೊಟ್ಟಿ ಮುಗಿಸಲು ನಾನು ಇಡೀ ಮಧ್ಯಾಹ್ನ ತೆಗೆದುಕೊಂಡಿದ್ದೆ.